ಒಂದೇ ಒಪ್ಪಂದ, ಇಬ್ಬರು ಇತಿಹಾಸಕಾರರು, ಎರಡು ತೀರ್ಮಾನ: ಮಗಳು ಪರೀಕ್ಷೆಯಲ್ಲಿ ಏನು ಬರೀಬೇಕು?

ಕೇಳಿದವರು: ಹತ್ತನೇ ತರಗತಿ ಹುಡುಗಿಯ ತಾಯಿ, ಬಸವನಗುಡಿ

ಮಗಳು ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೇಲಿ ಓದ್ತಿದ್ದಾಳೆ. ಇತಿಹಾಸ ಅಂದ್ರೆ ಪ್ರಾಣ, ಇಸವಿಗಳೆಲ್ಲ ನಾಲಿಗೆ ತುದೀಲಿವೆ. ಆದ್ರೂ ಪ್ರಿಪರೇಟರಿಯಲ್ಲಿ ಒಂದು ಪ್ರಶ್ನೆ ಕೈಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಮೇಲೆ ಗೆದ್ದ ದೇಶಗಳು ಹೇರಿದ ವರ್ಸೇಲ್ಸ್ ಒಪ್ಪಂದದ ಬಗ್ಗೆ ಎರಡು ಪ್ಯಾರಾ ಕೊಟ್ಟಿದ್ರು. ಒಪ್ಪಂದ ಜರ್ಮನಿಯನ್ನ ಹಿಂಡಿ ಹಾಕಿತು, ಎರಡನೇ ಯುದ್ಧದ ಬೀಜ ಅಲ್ಲೇ ಬಿತ್ತು ಅನ್ನೋದು ಒಂದು. ಅದು ಅಷ್ಟೇನೂ ಕಠೋರ ಅಲ್ಲ, ಜರ್ಮನಿಗೆ ಯುದ್ಧ ಪರಿಹಾರದ ಹಣ ಕಟ್ಟೋ ಶಕ್ತಿ ಇತ್ತು, ಮನಸ್ಸಿರಲಿಲ್ಲ ಅನ್ನೋದು ಇನ್ನೊಂದು. ಮುಖ್ಯ ವ್ಯತ್ಯಾಸ ಏನು, ಯಾಕೆ ಬೇರೆ ಬೇರೆ ಹೇಳ್ತಾರೆ, ಎರಡನೆಯದನ್ನ ಎಷ್ಟರ ಮಟ್ಟಿಗೆ ಒಪ್ತೀಯ, ಈ ಮೂರು ಪ್ರಶ್ನೆ. ಇವಳು ಬರೆದಿದ್ದು: "ಮೊದಲನೆಯವರು ಪಕ್ಷಪಾತಿ, ಎರಡನೆಯವರು ಹೇಳಿದ್ದು ಸರಿ." ಟೀಚರ್ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಹೇಗೆ ಗೊತ್ತು?" ಅಂತ ಬರೆದು ಮಾರ್ಕ್ಸ್ ಕತ್ತರಿಸಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಕಾಲದಲ್ಲಿ ಕಾರಣ, ಪರಿಣಾಮ ಬರೆದ್ರೆ ಮುಗೀತಿತ್ತು. ಇದನ್ನ ಮನೇಲಿ ಹೇಗೆ ಅಭ್ಯಾಸ ಮಾಡಿಸೋದು? ನಿಮ್ಮ ಮಕ್ಕಳಿಗೆ ಮಾಡಿಸಿದವರು, ಪಾಠ ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಇತಿಹಾಸ ಶಿಕ್ಷಕಿ, ಮಲ್ಲೇಶ್ವರ

ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಈಗಲೂ ನಾಲ್ಕಾರು ಮಕ್ಕಳು ಮನೆಗೆ ಬರುತ್ತಾರೆ. ನಿಮ್ಮ ಮಗಳ ತಪ್ಪನ್ನು ಹತ್ತರಲ್ಲಿ ಎಂಟು ಮಕ್ಕಳು ಮಾಡುತ್ತಾರೆ, ಗಾಬರಿ ಬೇಡ. ಮೊದಲ ಕೆಲಸ, "ಪಕ್ಷಪಾತ" ಅನ್ನುವ ಪದವನ್ನು ಪರೀಕ್ಷೆ ಮುಗಿಯುವ ತನಕ ಎತ್ತಿಡಿ. ಆ ಪದ ಬರೆದ ತಕ್ಷಣ ಮಗುವಿಗೆ ಉತ್ತರ ಮುಗಿಯಿತು ಅನ್ನಿಸಿಬಿಡುತ್ತದೆ. ನಿಜಕ್ಕೂ ಉತ್ತರ ಶುರುವೇ ಆಗಿರುವುದಿಲ್ಲ.

ಆಕರ ಬೇರೆ, ವ್ಯಾಖ್ಯಾನ ಬೇರೆ ಅನ್ನುವುದು ಅವಳಿಗೆ ಸ್ಪಷ್ಟವಾಗಬೇಕು. 1919ರ ಜರ್ಮನ್ ಪತ್ರಿಕೆಯ ವ್ಯಂಗ್ಯಚಿತ್ರ ಆಕರ. ಅದನ್ನು ಬರೆದವನು ಆ ಜಗಳದ ಒಳಗೇ ಇದ್ದ. ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಎರಡು ಪ್ಯಾರಾಗಳು ವ್ಯಾಖ್ಯಾನ. ಅವನ್ನು ಬರೆದವರು ಆ ವ್ಯಂಗ್ಯಚಿತ್ರವನ್ನೂ, ಲೆಕ್ಕಪತ್ರವನ್ನೂ, ಭಾಷಣವನ್ನೂ ನೋಡಿ, ಆಮೇಲೆ ಒಂದು ತೀರ್ಮಾನಕ್ಕೆ ಬಂದವರು. ಹಾಗಾಗಿ ಕೇಳಬೇಕಾದ್ದು "ಯಾರು ಸುಳ್ಳು ಹೇಳುತ್ತಿದ್ದಾರೆ" ಅಂತ ಅಲ್ಲ, "ಇವರು ಯಾವುದನ್ನು ತೂಕಕ್ಕೆ ಹಾಕಿದರು" ಅಂತ.

ನಾನು ಮಾಡಿಸುವುದು ಹೀಗೆ. ಎರಡು ಬಣ್ಣದ ಪೆನ್ಸಿಲ್ ಕೊಡುತ್ತೇನೆ. ಇಬ್ಬರೂ ಒಪ್ಪುವ ಸಂಗತಿಗೆ ಹಸಿರು. 1919ರ ಜೂನ್ 28ರಂದು ಸಹಿ ಬಿತ್ತು, 231ನೇ ವಿಧಿ ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು, ಸೈನ್ಯ ಒಂದು ಲಕ್ಷಕ್ಕೆ ಇಳಿಯಿತು, ಯೂರೋಪಿನಲ್ಲಿದ್ದ ನೆಲದ ಶೇಕಡ 13ರಷ್ಟು ಹೋಯಿತು. ಇದರಲ್ಲಿ ಯಾರಿಗೂ ತಕರಾರಿಲ್ಲ. ಆಮೇಲೆ ತೀರ್ಪು ಹೇಳುವ ಮಾತುಗಳಿಗೆ ಕೆಂಪು: "ಹಿಂಡಿತು", "ತಾಳಬಹುದಾಗಿತ್ತು", "ಅನಿವಾರ್ಯವಾಗಿ". ವ್ಯತ್ಯಾಸ ಇರುವುದು ಕೆಂಪು ಗೆರೆಗಳಲ್ಲಿ. ಮೊದಲ ಪ್ರಶ್ನೆಗೆ ಒಂದೇ ವಾಕ್ಯ ಸಾಕು: "ಒಬ್ಬರು ಒಪ್ಪಂದವೇ ಮುಂದಿನ ಅನಾಹುತಕ್ಕೆ ಕಾರಣ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಜಾರಿಗೆ ತರುವ ಇಚ್ಛೆ ಇಲ್ಲದ್ದು ಕಾರಣ ಎನ್ನುತ್ತಾರೆ." ಅದರ ಕೆಳಗೆ ಪ್ರತಿ ಪ್ಯಾರಾದಿಂದ ಮೂರು ನಾಲ್ಕು ಪದ ಎತ್ತಿ ಬರೆಯಲಿ. "ಮೊದಲನೆಯದು ಹಣದ ಬಗ್ಗೆ ಇದೆ, ಎರಡನೆಯದು ಸೈನ್ಯದ ಬಗ್ಗೆ ಇದೆ" ಅಂತ ಪಟ್ಟಿ ಮಾಡಿದರೆ ಅದು ವಿಷಯದ ವ್ಯತ್ಯಾಸ, ಅಭಿಪ್ರಾಯದ್ದಲ್ಲ. ಇಲ್ಲೇ ಬಹಳ ಮಕ್ಕಳು ಜಾರುತ್ತಾರೆ.

"ಯಾಕೆ ಬೇರೆ" ಅನ್ನುವ ಪ್ರಶ್ನೆ ನನಗೆ ತುಂಬ ಇಷ್ಟ. ಈ ಒಪ್ಪಂದದ ವಿಷಯದಲ್ಲಿ ಎರಡು ಜೀವಗಳ ಕಥೆಯನ್ನೇ ಹೇಳಬಹುದು. ಬ್ರಿಟಿಷ್ ಖಜಾನೆಯ ಪರವಾಗಿ ಪ್ಯಾರಿಸ್ ಮಾತುಕತೆಯಲ್ಲಿ ಕೂತಿದ್ದವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್. ಪರಿಹಾರದ ಮೊತ್ತದ ಮಾತು ಕೇಳಿ ಮನಸ್ಸು ಕೆಟ್ಟು 1919ರ ಜೂನ್‌ನಲ್ಲಿ ಕೆಲಸ ಬಿಟ್ಟರು, ಅದೇ ವರ್ಷದ ಕೊನೆಯಲ್ಲಿ ಪುಸ್ತಕ ತಂದರು. ಇದು ಯೂರೋಪಿನ ಹೊಟ್ಟೆಗೇ ಹೊಡೆಯುತ್ತದೆ ಅನ್ನುವುದು ಅವರ ವಾದ. ಅದಕ್ಕೆ ಎದುರಾಗಿ ಬರೆದವರು ಎತಿಯೆನ್ ಮಾಂತೂ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ. ಅವರ ತಂದೆ ಪೋಲ್ ಮಾಂತೂ ಅದೇ ಪ್ಯಾರಿಸ್ ಮಾತುಕತೆಯಲ್ಲಿ ದುಭಾಷಿಯಾಗಿದ್ದವರು. ಮಗ ಬರೆದದ್ದು ಹಿಟ್ಲರ್ ಸೈನ್ಯ ಫ್ರಾನ್ಸನ್ನು ತುಳಿದ ಮೇಲೆ. ಮರುಶಸ್ತ್ರೀಕರಣಕ್ಕೆ ಅಷ್ಟೊಂದು ಹಣ ಸುರಿಯಬಲ್ಲ ದೇಶಕ್ಕೆ ಪರಿಹಾರ ಕಟ್ಟಲು ಆಗುತ್ತಿರಲಿಲ್ಲವೇ ಅನ್ನುವುದು ಅವರ ಪ್ರಶ್ನೆ. 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಇನ್ನು ಕೆಲವೇ ದಿನ ಇರುವಾಗ, ಅವರು ರಣರಂಗದಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು ಮರುವರ್ಷ. ಒಬ್ಬರು 1919ರಲ್ಲಿ ನಿಂತು ಮುಂದಕ್ಕೆ ನೋಡಿ ಹೆದರಿದರು, ಇನ್ನೊಬ್ಬರು 1940ರ ಸೋಲಿನ ಮೇಲೆ ನಿಂತು ಹಿಂದಕ್ಕೆ ನೋಡಿ ನೊಂದರು. ಇಬ್ಬರನ್ನೂ "ಪಕ್ಷಪಾತಿ" ಅಂತ ಒಂದೇ ಪದದಲ್ಲಿ ಮುಗಿಸಲು ನನಗಂತೂ ಮನಸ್ಸು ಬರುವುದಿಲ್ಲ. ಎಲ್ಲಿ ನಿಂತು, ಯಾವಾಗ, ಯಾವ ದಾಖಲೆ ಹಿಡಿದು, ಯಾವ ಪ್ರಶ್ನೆ ಕೇಳಿದರು ಅನ್ನುವುದನ್ನು ಬರೆದರೆ ಪೂರ್ತಿ ಮಾರ್ಕ್ಸ್ ಬರುತ್ತದೆ.

ಕೊನೆಯ ದೊಡ್ಡ ಪ್ರಶ್ನೆಗೆ ಅವಳ ಬಾಯಿಪಾಠ ಕೆಲಸಕ್ಕೆ ಬರುತ್ತದೆ. 1921ರಲ್ಲಿ ನಿಗದಿಯಾದ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅದರಲ್ಲಿ 8,200 ಕೋಟಿ "ಸಿ" ವರ್ಗದ ಬಾಂಡ್‌ಗಳ ಹೆಸರಿನಲ್ಲಿತ್ತು. ಅದು ವಸೂಲಾಗುತ್ತದೆಂಬ ಭರವಸೆ ಮೊತ್ತ ನಿಗದಿ ಮಾಡಿದವರಿಗೂ ಇರಲಿಲ್ಲ. ತಮ್ಮ ದೇಶದ ಮತದಾರರಿಗೆ ಅವರು ದೊಡ್ಡ ಅಂಕಿ ತೋರಿಸಬೇಕಿತ್ತು. ಇದು ಎರಡನೇ ಪ್ಯಾರಾಕ್ಕೆ ಬಲ. 1918ರ ಮಾರ್ಚ್‌ನಲ್ಲಿ ಬ್ರೆಸ್ಟ್ ಲಿಟೋವ್‌ಸ್ಕ್ ಒಪ್ಪಂದದಲ್ಲಿ ಜರ್ಮನಿ ತಾನೇ ರಷ್ಯದ ಕೈಯಿಂದ ಉಕ್ರೇನ್, ಬಾಲ್ಟಿಕ್ ಪ್ರದೇಶಗಳನ್ನೆಲ್ಲ ಬಿಡಿಸಿಕೊಂಡಿತ್ತು, ಅದರ ಪಕ್ಕದಲ್ಲಿಟ್ಟರೆ ವರ್ಸೇಲ್ಸ್ ಅಷ್ಟು ಕಠೋರ ಅನ್ನಿಸುವುದಿಲ್ಲ, ಅದೂ ಬಲವೇ. ಆದರೆ 1923ರಲ್ಲಿ ಫ್ರೆಂಚರು ಜರ್ಮನಿಯ ಕೈಗಾರಿಕಾ ಪ್ರದೇಶ ರೂರ್‌ಗೆ ನುಗ್ಗಿದ್ದು, ಆ ವರ್ಷ ಜರ್ಮನಿಯ ಹಣ ಮಾರ್ಕ್ ಬೆಲೆ ಕಳೆದುಕೊಂಡು ಕಾಗದದ ಚೂರಾದದ್ದು, 231ನೇ ವಿಧಿಯನ್ನು ಸಾಮಾನ್ಯ ಜರ್ಮನ್ ಮನುಷ್ಯ ಅವಮಾನ ಅಂತ ಹೊತ್ತು ತಿರುಗಿದ್ದು ಮೊದಲನೆಯದಕ್ಕೆ ಬಲ. ಒಬ್ಬರದು ಕಾಸಿನ ಲೆಕ್ಕ, ಇನ್ನೊಬ್ಬರದು ಮನಸ್ಸಿನ ಲೆಕ್ಕ. ಇಷ್ಟು ಕಂಡರೆ ಹುಡುಗಿ ದಾರಿಗೆ ಬಂದ ಹಾಗೆ.

ಉತ್ತರ: ಪದವಿ ಓದುತ್ತಿರುವ ಹುಡುಗ, ವಿಜಯನಗರ

ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಪಕ್ಷಪಾತ ಅಂತ ಬರೀಬೇಡ ಅಂದ ಮೇಲೆ ನಾನು ಹೋಗಿ ಬಿದ್ದಿದ್ದು ಎದುರು ಗುಂಡೀಲಿ. "ಇಬ್ಬರ ಮಾತಲ್ಲೂ ಸತ್ಯಾಂಶ ಇದೆ, ಆದ್ದರಿಂದ ಎರಡೂ ಸರಿ" ಅಂತ ಪ್ರತಿ ಉತ್ತರದ ಕೊನೆಗೂ ಬರೀತಿದ್ದೆ. ಒಂದು ವರ್ಷ ಪೂರ್ತಿ ಅರ್ಧ ಮಾರ್ಕ್ಸ್‌ನಲ್ಲೇ ನಿಂತೆ. "ಎಷ್ಟರ ಮಟ್ಟಿಗೆ ಒಪ್ತೀಯ" ಅಂದ್ರೆ ಅಳತೆ ಕೇಳ್ತಿದ್ದಾರೆ. ಬಹುಪಾಲು ಒಪ್ತೀನಾ, ಸ್ವಲ್ಪ ಒಪ್ತೀನಾ, ಯಾವ ಭಾಗ ಒಪ್ಪಲ್ಲ, ಯಾವ ಸಂಗತಿ ಇಟ್ಕೊಂಡು ಒಪ್ಪಲ್ಲ. ಮೊದಲ ಸಾಲಲ್ಲೇ ನಿಲುವು ಬರಬೇಕು.

ಇದೇ ವಿಷಯಕ್ಕೆ ನನಗೆ ಸಹಾಯ ಆದ ಅಂಕಿ: 1928ರ ಮೇ ಚುನಾವಣೇಲಿ ನಾಜಿ ಪಕ್ಷಕ್ಕೆ ಬಂದಿದ್ದು ಶೇಕಡ 2.6 ಮತ, 12 ಸೀಟು. ಒಪ್ಪಂದ ಆಗಿ ಒಂಬತ್ತು ವರ್ಷ ಆಗಿತ್ತು. 1932ರ ಜುಲೈನಲ್ಲಿ ಶೇಕಡ 37. ನಡುವೆ ಆಗಿದ್ದು 1929ರ ಆರ್ಥಿಕ ಕುಸಿತ. ಹಾಗಾಗಿ "ವರ್ಸೇಲ್ಸ್‌ನಿಂದ ನೇರವಾಗಿ ಹಿಟ್ಲರ್" ಅನ್ನೋ ವಾದ ಬಂದ್ರೆ ಈ ಒಂದು ಸಾಲು ಸಾಕು, ಅದನ್ನ ಅಲ್ಲಾಡಿಸಬಹುದು. ಆದ್ರೆ ಅವಮಾನದ ನೆನಪು ಇಲ್ಲದಿದ್ರೆ ಕುಸಿತದ ಸಮಯದಲ್ಲಿ ಅಷ್ಟು ಜನ ಅವನ ಮಾತು ಕೇಳ್ತಿದ್ರಾ ಅಂತಲೂ ಬರೀಬೇಕು. ಸಮಯದ ಬಗ್ಗೆ: ಓದೋಕೆ, ಗೆರೆ ಹಾಕೋಕೆ ಐದು ನಿಮಿಷ ಬಿಟ್ಕೊಳ್ಳಿ. ಆ ಐದು ನಿಮಿಷ ಉಳಿಸೋಕೆ ಹೋದವರೆಲ್ಲ ಕೊನೇಲಿ ಹದಿನೈದು ಕಳ್ಕೋತಾರೆ.

ಉತ್ತರ: ಒಂಬತ್ತನೇ ತರಗತಿ ಹುಡುಗನ ತಂದೆ, ಚಾಮರಾಜಪೇಟೆ

ನನ್ನ ಮಗನಿಗೆ ಪುಸ್ತಕದಲ್ಲಿ ಎಷ್ಟು ಹೇಳಿದ್ರೂ ತಲೆಗೆ ಹೋಗ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾರ್ಕೆಟ್‌ಗೆ ಹೂವು ತರೋಕೆ ಹೋದಾಗ ಪಕ್ಕದ ಬೆಂಗಳೂರು ಕೋಟೆಗೆ ಕರ್ಕೊಂಡು ಹೋದೆ. ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೋದಿಂದ ನಡೆದು ಹೋಗೋ ದೂರ. ಊರಿನ ದೊಡ್ಡ ಕೋಟೇಲಿ ಈಗ ಉಳಿದಿರೋದು ದೆಹಲಿ ಬಾಗಿಲು ಮತ್ತೆ ಸುತ್ತಲ ತುಂಡು ಗೋಡೆ ಅಷ್ಟೇ. ಆ ಗೋಡೇಲಿ ಒಂದು ಕಲ್ಲಿನ ಫಲಕ ಇದೆ, ಇಂಗ್ಲಿಷಲ್ಲಿ. ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೀತು, 1791 ಮಾರ್ಚ್ 21, ಅಂತ ಅದರ ಅರ್ಥ. ಅಷ್ಟೇ, ಮುಂದೆ ಏನೂ ಇಲ್ಲ.

ಮಗನಿಗೆ ಕೇಳಿದೆ, "ಇದರಲ್ಲಿ ಸುಳ್ಳು ಏನಿದೆ?" ಅವನು ಎರಡು ಸಲ ಓದಿ "ಏನೂ ಇಲ್ಲ" ಅಂದ. "ಹಾಗಾದ್ರೆ ಏನಿಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಗೋಡೆ ಮುಟ್ಟಿ ನೋಡ್ತಾ ನಿಂತ. ಆಮೇಲೆ "ಒಳಗಡೆ ಯಾರಿದ್ರು ಅಂತ ಇಲ್ಲ" ಅಂದ. ನನಗೆ ಅವತ್ತು ಆದ ಸಂತೋಷ ಹೇಳೋಕಾಗಲ್ಲ. ಒಳಗಡೆ ಕಾಯ್ತಿದ್ದ ಕಿಲ್ಲೇದಾರ ಬಹಾದೂರ್ ಖಾನ್ ಆ ರಾತ್ರಿ ಹೋರಾಡ್ತಾ ಸತ್ತ, ಟಿಪ್ಪು ಸೈನ್ಯ ಸಮೀಪದಲ್ಲೇ ಇತ್ತು, ಆದ್ರೂ ಕೋಟೆ ಉಳೀಲಿಲ್ಲ ಅಂತ ಹೇಳಿದೆ. ಹೊರಗಿನಿಂದ ಬಂದ ಬ್ರಿಟಿಷರ ಕಾರ್ನ್‌ವಾಲಿಸ್, ಹತ್ತು ವರ್ಷ ಮುಂಚೆ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೇನಾಪತಿ. ಅವನಿಗೆ, ಅವನ ಜನರಿಗೆ ಆ ಬಿರುಕು ಎಷ್ಟು ದೊಡ್ಡ ವಿಷಯ ಆಗಿರಬೇಕು ಅಂತಲೂ ಹೇಳಿದೆ.

ಮನೆಗೆ ಬಂದು ಅವನು ಪುಸ್ತಕದಲ್ಲಿ ತಾನೇ ಇನ್ನೊಂದು ಫಲಕ ಬರೆದ. "ಈ ಗೋಡೆಯ ಒಳಗೆ ನಿಂತು ಬಹಾದೂರ್ ಖಾನ್ ಮತ್ತು ಅವನ ಜನ ಬೆಂಗಳೂರು ಕಾದರು." ಅದೇ ತಾರೀಖು, ಅದೇ ಗೋಡೆ. ಎರಡೂ ನಿಜ. ಆದ್ರೆ ಎರಡು ಫಲಕ ಓದಿದವರ ಮನಸ್ಸಲ್ಲಿ ಉಳಿಯೋದು ಬೇರೆ ಬೇರೆ. ಅವತ್ತಿಂದ ಯಾವ ಪ್ಯಾರಾ ಕೊಟ್ರೂ ಮೊದಲು "ಇದರಲ್ಲಿ ಯಾರು ಕಾಣಲ್ಲ?" ಅಂತ ಕೇಳ್ಕೋತಾನೆ. ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಡೆಯವರಿಗೆ ಕಟ್ಟಿದ ಸ್ಮಾರಕ ಒಂದು ಕಾರ್ಪೊರೇಷನ್ ಹತ್ತಿರ ಇತ್ತು, 1964ರಲ್ಲಿ ಕೆಡವಿದರು ಅಂತ ಹೇಳಿದಾಗ, "ಅದೂ ಒಂದು ವ್ಯಾಖ್ಯಾನವೇ ಅಲ್ವಾ ಅಪ್ಪ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇಬ್ಬರೂ ತುಂಬ ಹೊತ್ತು ಮಾತಾಡಿದ್ವಿ.

ಉತ್ತರ: ಬೇಗೂರಿನ ನಿವಾಸಿ

ಎಲ್ಲ ಭಿನ್ನಾಭಿಪ್ರಾಯವೂ ವ್ಯಾಖ್ಯಾನ ಅಲ್ಲ, ಇದನ್ನೂ ಮಕ್ಕಳಿಗೆ ಹೇಳಿಕೊಡಿ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಬೆಂಗಳೂರು ಅಂತ ನಾವೆಲ್ಲ ಕೇಳಿ ಬೆಳೆದವರು. ಅದು ಹನ್ನೆರಡನೇ ಶತಮಾನದ ರಾಜನ ಕಥೆ. ನಮ್ಮ ನಾಗೇಶ್ವರ ದೇವಸ್ಥಾನದ ಆವರಣದ ಶಾಸನದಲ್ಲಿ "ಬೆಂಗಳೂರ ಕಾಳಗ" ಅಂತ ಬರುತ್ತೆ. ಅದು ಸುಮಾರು 890ರದ್ದು. ಹೆಸರು ರಾಜನಿಗಿಂತ ಮುನ್ನೂರು ವರ್ಷ ಹಳೆಯದು ಅಂದ ಮೇಲೆ ಇಲ್ಲಿ ಸಾಕ್ಷಿಯೇ ಮಾತು ಮುಗಿಸುತ್ತೆ. ಅಜ್ಜಿಯ ಕಥೆ ಕಥೆಯಾಗಿ ಚೆನ್ನ. ವರ್ಸೇಲ್ಸ್ ಕಠೋರವೋ ಅಲ್ಲವೋ ಅನ್ನೋದನ್ನ ಯಾವ ಒಂದು ಕಲ್ಲೂ ತೀರ್ಮಾನ ಮಾಡಲ್ಲ. ಮಗು ಈ ಎರಡು ಬಗೆಯನ್ನ ಬೇರೆ ಮಾಡಿ ನೋಡೋದು ಕಲಿತರೆ ಬಹಳ ಲಾಭ.

ಉತ್ತರ: ರಾಜ್ಯ ಪಠ್ಯಕ್ರಮದ ಪ್ರೌಢಶಾಲಾ ಶಿಕ್ಷಕ, ಯಲಹಂಕ

ಇದು ದೊಡ್ಡ ಫೀಸಿನ ಶಾಲೆಗಳ ವಿಷಯ ಮಾತ್ರ ಅಂತ ಯಾರೂ ತಿಳಿಯಬೇಡಿ. ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲೂ 1857ರ ಪಾಠದಲ್ಲಿ ಇದೇ ಇದೆ. ಬ್ರಿಟಿಷ್ ಇತಿಹಾಸಕಾರರು ಸಿಪಾಯಿ ದಂಗೆ ಅಂದರು, ಭಾರತೀಯರು ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಅಂದರು ಅಂತ ಮಕ್ಕಳು ಒಂದು ಸಾಲು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆ ಒಂದು ಸಾಲಿನಲ್ಲಿ ಒಂದು ತಪ್ಪು ತಿಳುವಳಿಕೆ ಅಡಗಿದೆ, ಎಲ್ಲ ಭಾರತೀಯರೂ ಒಂದೇ ಮಾತು ಹೇಳಿದರು ಅನ್ನುವ ಹಾಗೆ. ಸಾವರ್ಕರ್ 1909ರಲ್ಲಿ ಅದನ್ನು ಸ್ವಾತಂತ್ರ್ಯ ಯುದ್ಧ ಅಂತ ಕರೆದು ಬರೆದರು. 1957ರಲ್ಲಿ, ಸ್ವಾತಂತ್ರ್ಯ ಬಂದು ಹತ್ತು ವರ್ಷದ ಮೇಲೆ, ಇತಿಹಾಸಕಾರ ಆರ್. ಸಿ. ಮಜುಂದಾರ್ ಅದನ್ನು ರಾಷ್ಟ್ರೀಯ ಸ್ವಾತಂತ್ರ್ಯ ಸಮರ ಅಂತ ಕರೆಯಲು ಒಪ್ಪಲಿಲ್ಲ. ಇಬ್ಬರೂ ಭಾರತೀಯರೇ. ಹುಟ್ಟಿದ ದೇಶ ನೋಡಿ ಅಭಿಪ್ರಾಯ ಊಹಿಸಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಾನು ತರಗತಿಯಲ್ಲಿ ಹಲಗಲಿ ಬೇಡರನ್ನು ತರುತ್ತೇನೆ, ಕನ್ನಡ ಪಾಠದ ಲಾವಣಿಯಿಂದ ಮಕ್ಕಳಿಗೆ ಅವರು ಪರಿಚಿತರು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಆ ಊರಿನವರು 1857ರಲ್ಲಿ ತಿರುಗಿಬಿದ್ದದ್ದು ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂದಾಗ. ಬೇಟೆಯೇ ಬದುಕಾಗಿದ್ದವರು ಆಯುಧ ಒಪ್ಪಿಸಿಬಿಟ್ಟರೆ ಅವರಿಗೆ ಉಳಿಯುವುದೇನು? ಅವರು ದೆಹಲಿಯ ಬಾದಶಹನಿಗಾಗಿ ಹೋರಾಡಿದರೆ? ಮೀರತ್‌ನ ಸಿಪಾಯಿಗಳ ಕಾಡತೂಸಿಗಾಗಿಯೆ? ಅಲ್ಲ. ಹಾಗಂತ ಅದು ಸ್ವಾತಂತ್ರ್ಯದ ಹೋರಾಟ ಅಲ್ಲವೆ? ಇಲ್ಲಿಗೆ ಬಂದಾಗ ತರಗತಿ ಎರಡು ಪಾಲಾಗುತ್ತದೆ. ಹಿಂದಿನ ಬೆಂಚಿನ ಮಕ್ಕಳೂ ಎದ್ದು ನಿಂತು ಮಾತಾಡುತ್ತಾರೆ. ಆಗ ಒಂದೇ ನಿಯಮ ಹಾಕುತ್ತೇನೆ: ಎದುರಿನವರ ವಾದವನ್ನು ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಹೇಳಿದ ಮೇಲೆಯೇ ಅದನ್ನು ಖಂಡಿಸಬಹುದು. ಮನೆಯಲ್ಲಿ ತಾಯಿ ಮಗಳು ಊಟದ ಹೊತ್ತಿನಲ್ಲೂ ಇದನ್ನು ಮಾಡಬಹುದು.

ಮತ್ತೆ ಕೇಳಿದವರು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಪೆನ್ಸಿಲ್ ಕೆಲಸ ನಿನ್ನೆ ರಾತ್ರಿ ಮಾಡಿದ್ವಿ. ಹಸಿರು ಗೆರೆಗಳು ಇಷ್ಟೊಂದು ಇರುತ್ತೆ ಅಂತ ಅವಳಿಗೆ ಗೊತ್ತೇ ಇರಲಿಲ್ಲವಂತೆ. ಇಬ್ಬರೂ ಜಗಳ ಆಡ್ತಿದ್ದಾರೆ ಅಂದ್ಕೊಂಡಿದ್ಲು, ಮುಕ್ಕಾಲು ಭಾಗ ಒಪ್ಕೊಂಡೇ ಇದ್ದಾರೆ ಅಂತ ಆಶ್ಚರ್ಯಪಟ್ಲು. ಒಂದು ಅನುಮಾನ: ಟ್ಯೂಷನ್‌ನಲ್ಲಿ ಇತಿಹಾಸಕಾರರ ಹೆಸರುಗಳ ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಅದನ್ನೆಲ್ಲ ಬಾಯಿಪಾಠ ಮಾಡಬೇಕಾ?

ಮತ್ತೆ ಮಲ್ಲೇಶ್ವರದ ಶಿಕ್ಷಕಿ

ಹತ್ತನೇ ತರಗತಿಗೆ ಹೆಸರಿನ ಪಟ್ಟಿ ಬೇಡ. ಕೀನ್ಸ್, ಮಾಂತೂ ಕಥೆಯನ್ನೂ ನಾನು ಹೇಳಿದ್ದು ಅವಳ ಮನಸ್ಸಿಗೆ ತಟ್ಟಲಿ ಅಂತ, ಉತ್ತರದಲ್ಲಿ ಉದುರಿಸಲಿ ಅಂತ ಅಲ್ಲ. ಹೆಸರಿಗಿಂತ ಕಾಲ ಗೊತ್ತಿದ್ದರೆ ಹೆಚ್ಚು ಉಪಯೋಗ. ಮುಂದಿನ ಪಾಠ ಅಮೆರಿಕ, ಸೋವಿಯತ್ ನಡುವಿನ ಶೀತಲ ಸಮರ ಇದ್ದೇ ಇರುತ್ತದೆ. ಅದಕ್ಕೆ ಯಾರು ಹೊಣೆ ಅನ್ನುವುದರಲ್ಲಿ ಕಾಲದ ಗುರುತು ನಿಚ್ಚಳವಾಗಿ ಕಾಣುತ್ತದೆ. 1950ರ ದಶಕದ ಅಮೆರಿಕದ ಬರಹಗಾರರಲ್ಲಿ ಬಹುಮಂದಿ ಸ್ಟಾಲಿನ್ ಕಡೆ ಬೆರಳು ತೋರಿಸಿದರು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಅದೇ ದೇಶದವರು ತಮ್ಮ ಸರ್ಕಾರದ ಕಡೆಗೇ ಬೆರಳು ತಿರುಗಿಸಿದರು. 1970ರ ದಶಕದಲ್ಲಿ ಇಬ್ಬರ ಪಾಲನ್ನೂ ತೂಗುವವರು ಬಂದರು. 1991ರ ನಂತರ ಸೋವಿಯತ್ ಕಡತಗಳು ತೆರೆದುಕೊಂಡು ಮತ್ತೆ ಲೆಕ್ಕ ಬದಲಾಯಿತು. ಹೊಸ ಕಾಗದ ಸಿಕ್ಕರೆ ಅಥವಾ ಹೊಸ ನೋವು ಬಂದರೆ ಇತಿಹಾಸಕಾರರು ಹೊಸ ಪ್ರಶ್ನೆ ಕೇಳುತ್ತಾರೆ. ಇಷ್ಟು ಅರ್ಥವಾದರೆ ಹೆಸರಿಲ್ಲದೆಯೂ ಉತ್ತರ ನಿಲ್ಲುತ್ತದೆ. ಅವಳು ಕೊನೆಯ ಪ್ರಶ್ನೆಯನ್ನು ಮತ್ತೆ ಬರೆದರೆ ಮೊದಲ ನಾಲ್ಕು ಸಾಲು ಇಲ್ಲಿ ಹಾಕಿ, ನೋಡುತ್ತೇನೆ.

ಮತ್ತೆ ಕೇಳಿದವರು

ಅವಳು ಇಂಗ್ಲಿಷಲ್ಲಿ ಬರೆದಿದ್ದನ್ನ ಕನ್ನಡದಲ್ಲಿ ಹಾಕ್ತಿದ್ದೀನಿ: "ಎರಡನೇ ವ್ಯಾಖ್ಯಾನವನ್ನು ನಾನು ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. ಪರಿಹಾರದ ಹಣದ ವಿಷಯದಲ್ಲಿ ಅದು ಸರಿ, ಯಾಕೆಂದರೆ 13,200 ಕೋಟಿಯಲ್ಲಿ ದೊಡ್ಡ ಪಾಲು ಕಾಗದದ ಮೇಲಷ್ಟೇ ಇತ್ತು. ಆದರೆ ಅದು ಕಾಸನ್ನು ಮಾತ್ರ ಎಣಿಸುತ್ತದೆ. 231ನೇ ವಿಧಿ ಜನರಿಗೆ ಹೇಗೆ ಕಂಡಿತು ಎಂಬುದನ್ನು ಬಿಟ್ಟುಬಿಡುತ್ತದೆ, ಅದನ್ನು ಮೊದಲನೇ ವ್ಯಾಖ್ಯಾನ ಸರಿಯಾಗಿ ಹಿಡಿದಿದೆ."

ಮತ್ತೆ ಮಲ್ಲೇಶ್ವರದ ಶಿಕ್ಷಕಿ

ಓದಿ ಕಣ್ಣು ತುಂಬಿತು. ಒಂದೇ ತಿದ್ದುಪಡಿ. "ಸ್ವಲ್ಪ ಮಟ್ಟಿಗೆ" ತೆಗೆದು "ಹಣದ ಮಟ್ಟಿಗೆ ಒಪ್ಪುತ್ತೇನೆ, ಪರಿಣಾಮದ ಮಟ್ಟಿಗೆ ಒಪ್ಪುವುದಿಲ್ಲ" ಅಂತ ಬರೆಯಲು ಹೇಳಿ. ಅವಳು ಯೋಚಿಸಿರುವುದು ಅದನ್ನೇ, ಮೊದಲ ಸಾಲು ಇನ್ನೂ ಅದನ್ನು ಹೇಳುತ್ತಿಲ್ಲ.